ಬುಡ್ತು ಅನ್ನಿ

ಕಾರಣ ಕೊಟ್ಟು ಕೆಡುವ ಕಂಪ್ಯೂಟರುಗಳ ಮೇಲೆ ನನಗೆ ಗೌರವವಿದೆ. ಅವು ಕಿರುಚುತ್ತವೆ, ಸುಟ್ಟ ವಾಸನೆ ಬಿಡುತ್ತವೆ, ಪರದೆಯ ಮೇಲೆ ಏನಾದರೂ ಗೀಚಿಯಾದರೂ ಸಾಯುತ್ತವೆ. ನಾವು ಆ ಜಾಡು ಹಿಡಿದು ಹೋಗಿ ರಿಪೇರಿ ಮಾಡುತ್ತೇವೆ. ಮಂಡ್ಯದ ಕೆಂಪರಾಜು ಅವರ ಮನೆಯ ಪೆಟ್ಟಿಗೆ ಅಂಥ ಮರ್ಯಾದಸ್ತ ಜಾತಿಯದಾಗಿರಲಿಲ್ಲ. ಚೆನ್ನಾಗಿ ಓಡುತ್ತಿರುವಾಗಲೇ ಪರದೆ ಕಪ್ಪಾಗುತ್ತಿತ್ತು. ಒಮ್ಮೆ ಬೆಳಿಗ್ಗೆ, ಒಮ್ಮೆ ಊಟದ ಹೊತ್ತಿಗೆ, ಕೆಲವು ದಿನ ಇಲ್ಲವೇ ಇಲ್ಲ. ಮತ್ತೆ ಗುಂಡಿ ಒತ್ತಿದರೆ ಏನೂ ಆಗೇ ಇಲ್ಲ ಎನ್ನುವಂತೆ ಎದ್ದು ಕೂರುತ್ತಿತ್ತು. ಆದರೆ ಕಂಪ್ಯೂಟರು ಹೀಗೆ ಬಿದ್ದರೆ ಆ ಮನೆಯಲ್ಲಿ ನಿಲ್ಲುತ್ತಿದ್ದದ್ದು ಆಟವೋ ಸಿನಿಮಾವೋ ಅಲ್ಲ, ಒಬ್ಬ ಮನುಷ್ಯನ ಬಾಯಿ.

ಕೆಂಪರಾಜು ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಮೈಕಿಲ್ಲದೆ ಇಡೀ ಮಂಡಿಗೆ ಕೇಳುವ ಗಂಟಲು. ನರಗಳು ಒಂದೊಂದಾಗಿ ಸೋಲುವ ಕಾಯಿಲೆ ಬಂದು ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಿಗೆ. ಬುದ್ಧಿಗೆ, ಕಿವಿಗೆ ಏನೂ ಆಗಿರಲಿಲ್ಲ. ಕಣ್ಣಾಡುತ್ತಿತ್ತು. ಹೌದು ಅನ್ನಲು ಕಣ್ಣು ಮೇಲೆತ್ತುತ್ತಿದ್ದರು, ಇಲ್ಲ ಅನ್ನಲು ಮುಚ್ಚುತ್ತಿದ್ದರು. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡಬಹುದಿತ್ತು, ಅಷ್ಟೆ. ಯಾರೂ ಕೇಳದ ಪ್ರಶ್ನೆಗೆ ಕಣ್ಣಿನಲ್ಲಿ ಉತ್ತರ ಕೊಡಲಾಗುವುದಿಲ್ಲ.

ಅಂಥವರಿಗಾಗಿಯೇ ಮೈಸೂರಿನ ನಮ್ಮ ಪ್ರಯೋಗಾಲಯ ‘ಒಳದನಿ’ಯನ್ನು ಮಾಡಿದ್ದು. ಕತ್ತಿಗೆ, ದವಡೆಗೆ ತೆಳ್ಳನೆಯ ಒಂದು ಪಟ್ಟಿ ಅಂಟಿಸುತ್ತೇವೆ. ಮಾತಾಡಬೇಕೆಂದು ಮನಸ್ಸು ಮಾಡಿದಾಗ ನರಗಳಲ್ಲಿ ಸಣ್ಣ ಮಿಡಿತ ಬರುತ್ತದೆ. ಸ್ನಾಯು ಅದನ್ನು ಪಾಲಿಸದಿದ್ದರೂ ಪಟ್ಟಿ ಹಿಡಿಯುತ್ತದೆ. ಮೇಜಿನ ಕೆಳಗಿನ ಪೆಟ್ಟಿಗೆ ಅದನ್ನು ಮಾತಾಗಿಸಿ, ಅವರದೇ ಹಳೆಯ ದನಿಯಲ್ಲಿ ಸ್ಪೀಕರಿನಿಂದ ನುಡಿಯುತ್ತದೆ. ಮಿಡಿತ ಬಹಳ ಕ್ಷೀಣ, ಆದ್ದರಿಂದ ಪೆಟ್ಟಿಗೆ ಅರ್ಧ ಕೇಳಿಸಿಕೊಳ್ಳುತ್ತದೆ, ಅರ್ಧ ಊಹಿಸುತ್ತದೆ. ಕೋಣೆಯಲ್ಲಿ ಬೇರೆಯವರು ಆಡಿದ ಮಾತಿಗೆ ಈ ಮನುಷ್ಯ ಏನು ಉತ್ತರ ಕೊಟ್ಟಾನು ಎಂದು ದಿನದಿನಕ್ಕೂ ಕಲಿಯುತ್ತದೆ. ಹಳೆಯ ಗಂಡಹೆಂಡಿರು ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುತ್ತಾರಲ್ಲ, ಹಾಗೆ. ಮನೆಯ ಮಾತು ಮನೆಯಲ್ಲೇ ಇರಲೆಂದು ಎಲ್ಲವೂ ಆ ಪೆಟ್ಟಿಗೆಯೊಳಗೇ. ಪೆಟ್ಟಿಗೆ ಬಿದ್ದರೆ ‘ಬಿದ್ದೆ’ ಎಂಬ ಒಂದು ಸುದ್ದಿ ಮಾತ್ರ ಲ್ಯಾಬಿಗೆ ಬರುತ್ತದೆ. ಏನು ಮಾತಾಡುತ್ತಿದ್ದಾಗ ಬಿತ್ತು ಎನ್ನುವುದು ನಮಗೆ ತಿಳಿಯುವುದಿಲ್ಲ.

ಮೊದಲ ಸಲ ಹೋದಾಗ ಪೆಟ್ಟಿಗೆ ಬಿಚ್ಚಿ ನಾನು ಹಣೆ ಚಚ್ಚಿಕೊಂಡೆ. ಆಯುಧಪೂಜೆಯ ಅರಿಶಿನ ಕುಂಕುಮವೆಲ್ಲ ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡಿತ್ತು.

“ಪ್ರಮೀಳಮ್ಮ, ಬೊಟ್ಟು ಇಡಿ, ಬೇಡ ಅನ್ನಲ್ಲ. ಹೀಗೆ ಜಾಲರಿಯೊಳಗೆ ಎರಚಿದರೆ ಇದಕ್ಕೆ ಉಸಿರು ಕಟ್ಟುತ್ತೆ,” ಎಂದೆ.

ಕೆಂಪರಾಜು ಅವರ ಹೆಂಡತಿ ಪ್ರಮೀಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಅಯ್ಯೋ, ನಮ್ಮೆಜಮಾನ್ರ ಗಂಟ್ಲು ಕಣಮ್ಮ ಅದು. ಟ್ರಾಕ್ಟರ್‌ಗೆ ಮಾಡ್ತರೆ, ಇದ್ಕೆ ಮಾಡ್ಬ್ಯಾಡ್ವಾ?” ಎಂದರು.

ಸ್ಪೀಕರು ಗರಗರ ಎಂದು ನಕ್ಕಿತು. “ಅವ್ಳು ನಿಂಬೆಹಣ್ಣೂ ಕುಯ್ದವ್ಳೆ ಮೇಡಮ್ಮೋರೆ, ಅದು ಕಾಣಾಕಿಲ್ಲ ನಿಮ್ಗೆ.” ಮಲಗಿದ್ದ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಕಣ್ಣು ಮಾತ್ರ ನಗುತ್ತಿತ್ತು.

ಫ್ಯಾನು ಶುದ್ಧ ಮಾಡಿದೆ. ಸರಿಹೋಯಿತೆಂದುಕೊಂಡೆ. ಮತ್ತೆ ಬಿತ್ತು. ಮೆಮೊರಿ ಪಟ್ಟಿಗಳನ್ನು ತೆಗೆದು, ಒಂದೊಂದನ್ನೇ ಹಾಕಿ ಪರೀಕ್ಷಿಸಿದೆ. ಪವರ್ ಸಪ್ಲೈ ಬದಲಿಸಿದೆ. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇರಲಿಲ್ಲ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಾಕಿಸಿದೆ. ಪಕ್ಕದ ಮನೆಯ ಬೋರ್‌ವೆಲ್ ಮೋಟರಿನ ಮೇಲೂ ಗುಮಾನಿ ಪಟ್ಟು ಅದು ಓಡುವ ಹೊತ್ತಿಗೆ ಕಾದು ಕೂತೆ. ಒಂದೊಂದು ರಿಪೇರಿಯಾದ ಮೇಲೂ ಕೆಲವು ದಿನ ಸುಮ್ಮನಿದ್ದು ಪೆಟ್ಟಿಗೆ ನನ್ನನ್ನು ಅಣಕಿಸಿ ಬೀಳುತ್ತಿತ್ತು. ಕೊನೆಗೆ ರೋಸಿಹೋಗಿ ಹೊಸ ಪೆಟ್ಟಿಗೆಯನ್ನೇ ತಂದು, ಹಳೆಯದರ ಕಲಿಕೆಯನ್ನೆಲ್ಲ ಅದಕ್ಕೆ ತುಂಬಿ ಇಟ್ಟೆ. ಹಳೆಯದನ್ನು ಲ್ಯಾಬಿಗೆ ಹೊತ್ತೆ.

ಲ್ಯಾಬಿನಲ್ಲಿ ಹಳೆಯ ಪೆಟ್ಟಿಗೆ ಒಮ್ಮೆಯೂ ಬೀಳಲಿಲ್ಲ. ಹಗಲಿಡೀ ಪರೀಕ್ಷಾ ವಾಕ್ಯಗಳನ್ನು ಉಣಿಸಿದೆವು: ‘ಇಂದು ಬಿಸಿಲು ಚೆನ್ನಾಗಿದೆ’, ‘ನನಗೆ ನೀರು ಬೇಕು’, ‘ಮಕ್ಕಳು ಶಾಲೆಗೆ ಹೋದರು’. ಕೆಂಪರಾಜು ದನಿಯಲ್ಲಿ ಅದು ಪುಸ್ತಕ ಓದುವ ಹಾಗೆ ಎಲ್ಲವನ್ನೂ ಒಪ್ಪಿಸಿತು.

“ಪೆಟ್ಟಿಗೆ ಸರಿಯಾಗಿದೆ ವಿನುತಾ. ನಿಮ್ಮ ಮಂಡ್ಯದ ಕರೆಂಟು ಸರಿ ಇಲ್ಲ,” ಎಂದರು ನಮ್ಮ ಮುಖ್ಯಸ್ಥ ಉದಯಶಂಕರ್.

ಅವರು ಹಾಗೆಂದ ದಿನವೇ ಮಂಡ್ಯದ ಹೊಸ ಪೆಟ್ಟಿಗೆಯೂ ಬಿದ್ದ ಸುದ್ದಿ ಬಂತು. ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರದ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಸಿಟ್ಟಿಗಿಂತ ಹೆಚ್ಚು ಭಯವಾಗುತ್ತಿತ್ತು. ಪ್ರತಿ ಸಲ ಬಿದ್ದಾಗಲೂ ಪೆಟ್ಟಿಗೆ ಕಲಿತದ್ದರಲ್ಲಿ ಒಂದಿಷ್ಟನ್ನು ಕಳೆದುಕೊಳ್ಳುತ್ತಿತ್ತು. ಹೆಂಡತಿಗೆ ‘ಕಣೆ’ ಎನ್ನುವುದನ್ನು ಮರೆಯಿತು. ಒಂದು ದಿನ “ಪ್ರಮೀಳಾ ಅವರೇ, ದಯವಿಟ್ಟು ನೀರು ಕೊಡಿ” ಎಂದಿತಂತೆ. ಅದನ್ನು ಹೇಳುವಾಗ ಪ್ರಮೀಳಮ್ಮ ನಕ್ಕರು, ನಗುತ್ತಲೇ ಕಣ್ಣು ತುಂಬಿಕೊಂಡರು. ಹೀಗೇ ಬೀಳುತ್ತಾ ಹೋದರೆ ಕೊನೆಗೆ ಆ ದನಿಯಲ್ಲಿ ಯಾವನೋ ಅಪರಿಚಿತ ಮಾತಾಡುತ್ತಾನೆ, ಕೆಂಪರಾಜು ಅಲ್ಲ.

ಇದರ ಮೇಲೆ ಡಾಕ್ಟರು ತಸ್ನೀಮ್ ಫೋನ್ ಮಾಡಿದರು. ಕೆಂಪರಾಜು ಅವರನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಎದೆಯ ಸ್ನಾಯುಗಳೂ ಸೋಲುತ್ತಿವೆ, ಇನ್ನು ಉಸಿರು ಸಾಲದು ಎಂದರು. ಕತ್ತಿಗೆ ತೂತು ಮಾಡಿ ಪೈಪು ಹಾಕಿ ಉಸಿರಾಟದ ಯಂತ್ರಕ್ಕೆ ಜೋಡಿಸಬಹುದು. ಹಾಗೆ ವರ್ಷಗಟ್ಟಲೆ ಇರಬಹುದು, ಆದರೆ ಕತ್ತಿನ ಪಟ್ಟಿ ಕೂರುವುದಿಲ್ಲ, ಒಳದನಿ ಇರುವುದಿಲ್ಲ. ಕಣ್ಣೂ ಕಾಲಕ್ರಮೇಣ ನಿಲ್ಲಬಹುದು. ಬೇಡವೆಂದರೆ ಬೇಡ. “ಅದನ್ನ ಅವರೇ ಹೇಳಬೇಕು ವಿನುತಾ. ತಮ್ಮ ಮಾತಲ್ಲಿ, ಪೂರ್ತಿ ವಾಕ್ಯ, ಬರೀ ಕಣ್ಣೆತ್ತಿದ್ರೆ ಸಾಲದು. ನಾನು ಬರೋ ಹೊತ್ತಿಗೆ ನಿಮ್ಮ ಮಷೀನು ಬೀಳದೆ ಓಡ್ತಿರಬೇಕು, ಅಷ್ಟೆ,” ಎಂದರು.

ನಾನು ಬ್ಯಾಗು ಹಿಡಿದು ಮಂಡ್ಯಕ್ಕೆ ಹೋಗಿ ಕೂತೇಬಿಟ್ಟೆ. ಬಿಚ್ಚುವುದಿಲ್ಲ, ಬದಲಿಸುವುದಿಲ್ಲ, ಅದು ಬೀಳುವುದನ್ನು ಕಣ್ಣಾರೆ ನೋಡಬೇಕು ಎಂದು. ಕೂತಾಗ ಒಂದು ವಿಷಯ ಹೊಳೆಯಿತು. ಇಷ್ಟು ದಿನವಾದರೂ ಪ್ರಮೀಳಮ್ಮ ಒಂದು ಸಲವೂ ನಮಗೆ ದೂರು ಕೊಟ್ಟಿರಲಿಲ್ಲ. ಲ್ಯಾಬಿಗೆ ತಿಳಿದದ್ದೆಲ್ಲ ಪೆಟ್ಟಿಗೆಯಿಂದಲೇ. ಬಿದ್ದಾಗ ಏನು ಮಾತಾಡುತ್ತಿದ್ದರು ಎಂದು ಕೇಳಿದಾಗಲೆಲ್ಲ, “ಏನೋ ಆಡ್ತಿದ್ರು. ಅಂಥವ್ನೆಲ್ಲ ತಿರ್ಗಾ ಬಾಯಿಗೆ ತರಬಾರ್ದು ಕಣಮ್ಮ,” ಎಂದು ಕಾಫಿ ತರಲು ಎದ್ದುಹೋಗುತ್ತಿದ್ದರು. ಯಾರನ್ನೋ ಬೈಯುತ್ತಿದ್ದಿರಬೇಕು ಅಂದುಕೊಂಡಿದ್ದೆ. ಹರಾಜು ಕೂಗುವವರ ಬಾಯಿ ಸಾಮಾನ್ಯವಾಗಿ ಮಡಿಯಲ್ಲಿರುವುದಿಲ್ಲ.

ಮಧ್ಯಾಹ್ನದ ಊಟವಾಗಿತ್ತು. ಪ್ರಮೀಳಮ್ಮ ಮಂಚದ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಕೆಂಪರಾಜು ನನ್ನ ಕಡೆ ಕಣ್ಣು ಹೊರಳಿಸಿದರು.

“ಮೇಡಮ್ಮೋರು ಇದ್ದಂಗೇ ಯೋಳ್ಬುಡ್ತೀನಿ ಪ್ರಮೀಳಾ,” ಎಂದಿತು ಸ್ಪೀಕರು. “ಡಾಕ್ಟ್ರು ಬತ್ತರೆ. ನಾನು ಸಾಯೋ ವಿಚಾರ್ದಲ್ಲಿ…”

“ಬುಡ್ತು ಅನ್ನಿ!” ಎಂದರು ಪ್ರಮೀಳಮ್ಮ, ತಲೆಯೆತ್ತದೆ.

ಪರದೆ ಕಪ್ಪಾಯಿತು.

ಪ್ರಮೀಳಮ್ಮ ನನ್ನತ್ತ ನೋಡಲಿಲ್ಲ. ಹುರುಳಿಕಾಯಿಯ ನಾರನ್ನು ಎಳೆಯುತ್ತಲೇ ಇದ್ದರು.

ಬಿಡ್ತು. ಈ ಮಾತನ್ನು ನಮ್ಮಲ್ಲಿ ಯಾರು ಅಂದಿಲ್ಲ, ಯಾರಿಂದ ಅನ್ನಿಸಿಲ್ಲ? ಮಗು ಅಪಶಕುನದ ಮಾತಾಡಿದರೆ ತಾಯಿ ಗದರಿಸಿ ಅನ್ನಿಸುತ್ತಾಳೆ, ಗಂಡ ಸಾವಿನ ಸುದ್ದಿ ಎತ್ತಿದರೆ ಹೆಂಡತಿ ಅನ್ನಿಸುತ್ತಾಳೆ. ಅಂದರೆ ಆಡಿದ್ದು ಆಡದಂತಾಯಿತು, ಗಾಳಿಗೆ ಹೋಯಿತು. ಅದೇ ಮಾತು ನಮ್ಮ ಒಳದನಿಯೊಳಗೂ ಇತ್ತು.

ಮೊದಮೊದಲು ಒಳದನಿಗೆ ಹೇಳುವ ಮಾತು ಯಾವುದು, ಮನಸ್ಸಿನಲ್ಲೇ ಇಟ್ಟುಕೊಳ್ಳುವ ಮಾತು ಯಾವುದು ಎಂಬ ಭೇದ ತಿಳಿಯುತ್ತಿರಲಿಲ್ಲ. ನೋಡಲು ಬಂದ ಬೀಗರ ಬಗ್ಗೆ ಒಬ್ಬ ರೋಗಿ ಒಳಗೇ ಅಂದುಕೊಂಡದ್ದನ್ನು ಸ್ಪೀಕರು ಗಟ್ಟಿಯಾಗಿ ಸಾರಿಬಿಟ್ಟು ರಾದ್ಧಾಂತವಾಗಿತ್ತು. ಆಗ ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಒಂದು ಪದ ಬೇಕಾಯಿತು. ರೋಗಿ ಮನಸ್ಸಿನಲ್ಲಿ ಆ ಪದ ಅಂದರೆ ಪೆಟ್ಟಿಗೆ ಆ ವಾಕ್ಯವನ್ನು ಅಳಿಸಿಹಾಕಬೇಕು. ಉದಯಶಂಕರ್ ‘ಬಿಡ್ತು’ ಇರಲಿ ಎಂದರು. ಕನ್ನಡದವರ ನಾಲಿಗೆಯ ಮೇಲೆ ಇದ್ದೇ ಇರುವ ಪದ, ಯಾರಿಗೂ ಕಲಿಸುವ ಕೆಲಸವೇ ಇಲ್ಲ ಎಂದು ನಾವೆಲ್ಲ ಮೆಚ್ಚಿದೆವು. ಮಂಡ್ಯದ ಬಾಯಲ್ಲಿ ಅದು ‘ಬುಡ್ತು’ ಆಗುತ್ತದೆನ್ನುವುದನ್ನು ಪೆಟ್ಟಿಗೆ ತಾನೇ ಕಲಿತುಕೊಂಡಿತ್ತು, ಜಾಣ.

ಲ್ಯಾಬಿಗೆ ಮರಳಿದವಳೇ ಹಳೆಯ ಪೆಟ್ಟಿಗೆಯನ್ನು ಎತ್ತಿ ಮೇಜಿಗಿಟ್ಟೆ. ಪಟ್ಟಿ ಅಂಟಿಸಿದ ದಿನ ತೆಗೆದುಕೊಂಡಿದ್ದ ಕೆಂಪರಾಜು ಅವರ ನರಮಿಡಿತದ ಮಾದರಿಗಳು ನಮ್ಮಲ್ಲಿದ್ದವು. ಅವುಗಳಿಂದ ಒಂದು ವಾಕ್ಯ ಜೋಡಿಸಿ ಉಣಿಸಿದೆ. ಉದಯಶಂಕರ್ ಪಕ್ಕದಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದರು. ನಾನೇನು ಮಾಡುತ್ತಿದ್ದೇನೆಂದು ಅವರಿಗೆ ಹೇಳಿರಲಿಲ್ಲ.

“ನಾನು ಸತ್ ಮ್ಯಾಲೆ ಏನಾಯ್ತದೆ ಅಂದ್ರೆ…” ಎಂದಿತು ಪೆಟ್ಟಿಗೆ.

“ಛೆ ಛೆ, ಬಿಡ್ತು ಅನ್ನಪ್ಪ!” ಎಂದರು ಉದಯಶಂಕರ್.

ಪೆಟ್ಟಿಗೆ ಬಿತ್ತು. ಅವರು ಲೋಟ ಹಿಡಿದುಕೊಂಡೇ ಕಪ್ಪು ಪರದೆಯನ್ನು ನೋಡುತ್ತಾ ನಿಂತರು.

ಆಮೇಲೆ ಇಬ್ಬರೂ ಕೂತು ಬಿಡಿಸಿದೆವು. ಹೆಂಡತಿ ‘ಬುಡ್ತು ಅನ್ನಿ’ ಎಂದದ್ದು ಪೆಟ್ಟಿಗೆಯ ಕಿವಿಗೆ ಬೀಳುತ್ತದೆ. ಈ ಮನುಷ್ಯ ಖಂಡಿತ ‘ಬುಡ್ತು’ ಅನ್ನುತ್ತಾನೆ ಎಂದು ಅದು ಊಹಿಸುತ್ತದೆ. ಆ ಊಹೆ ಎಷ್ಟು ಗಟ್ಟಿಯೆಂದರೆ, ಅವರು ಅನ್ನುವವರೆಗೂ ಅದು ಕಾಯುವುದಿಲ್ಲ. ತಾನೇ ವಾಕ್ಯವನ್ನು ಅಳಿಸಿಹಾಕುತ್ತದೆ. ಆದರೆ ಅತ್ತ ನರದಿಂದ ಅದೇ ವಾಕ್ಯ ಇನ್ನೂ ಬರುತ್ತಲೇ ಇರುತ್ತದೆ. ಬರೆಯುತ್ತಿರುವ ಹಾಳೆಯನ್ನೇ ಕೈಕೆಳಗಿನಿಂದ ಎಳೆದ ಹಾಗಾಗಿ ಯಂತ್ರ ಮುಗ್ಗರಿಸುತ್ತದೆ. ಬಿಸಿಲಿನ ಬಗ್ಗೆ, ನೀರಿನ ಬಗ್ಗೆ ಮಾತಾಡಿಸಿ ಪರೀಕ್ಷಿಸಿದ್ದ ನಮಗೆ ಇದು ಗೊತ್ತಾಗುವುದಾದರೂ ಹೇಗೆ? ಪರೀಕ್ಷೆಯ ಮೇಜಿನ ಮೇಲೂ ನಾವು ಯಾರೂ ಸಾವಿನ ಮಾತೆತ್ತಿರಲಿಲ್ಲ.

ಸರಿಪಡಿಸುವುದು ಸುಲಭವಿತ್ತು. ಅಳಿಸುವ ಪದ ಬೇರೆ ಮಾಡಿದರಾಯಿತು. ‘ಬುಡ್ತು’ ಎನ್ನುವುದು ಎಲ್ಲ ಪದಗಳ ಹಾಗೆ ಬರೀ ಒಂದು ಪದವಾಗುತ್ತದೆ. ಅವರು ಅಂದರೆ ಸ್ಪೀಕರು ಅನ್ನುತ್ತದೆ, ಇಲ್ಲದಿದ್ದರೆ ಇಲ್ಲ.

ಮರುದಿನ ಇದನ್ನೆಲ್ಲ ಪ್ರಮೀಳಮ್ಮನಿಗೆ ವಿವರಿಸಿದೆ. ಅವರು ಆಶ್ಚರ್ಯಪಡಲಿಲ್ಲ.

“ನಿಮಗೆ ಗೊತ್ತಿತ್ತಾ?” ಎಂದೆ.

“ಯಾಕಂತ ಗೊತ್ತಿರ್ಲಿಲ್ಲ. ನಾನಂದ್ರೆ ನಿಂತೋಯ್ತದೆ ಅಂತ ಗೊತ್ತಿತ್ತು.” ದನಿ ತಗ್ಗಿಸಿದರು. “ಅದೊಂದ್ ಅಂಗೇ ಇರ್ಲಿ ಬುಡಿ ಮೇಡಮ್ಮೋರೆ. ಮಿಕ್ಕಿದ್ದೆಲ್ಲ ಸರಿ ಮಾಡಿ.”

“ಬೀಳ್ತಾ ಬೀಳ್ತಾ ಅವರ ಮಾತೆಲ್ಲ ಕಳೆದುಹೋಗ್ತಿದೆ, ನೋಡ್ತಿಲ್ವಾ ನೀವು?”

“ಓಗ್ಲಿ. ಮಾತ್ ಓದ್ರೆ ಓಗ್ಲಿ. ಅವ್ರು ಆ ಮಾತ್ ಅಂದ್ರೆ ಡಾಕ್ಟ್ರು ಬರ್ಕತರೆ. ಬರ್ಕಂಡ್ರೆ ಮುಗೀತು. ಪೈಪ್ ಆಕಿದ್ರೆ ಇರ್ತರಲ್ಲ? ಮಾತಾಡ್ದೆ ಇದ್ರೂ ಮಂಚದ್ ಮ್ಯಾಲೆ ಇರ್ತರಲ್ಲ? ನಂಗೆ ಅಷ್ಟ್ ಸಾಕು ಕಣಮ್ಮ.”

ನನಗೆ ಕೋಪ ಬಂತು. ಅದರ ಹಿಂದೆಯೇ ಸಂಕಟವೂ ಬಂತು. ಆದರೆ ನಾವು ಹೀಗೆ ಪಿಸುಗುಟ್ಟುತ್ತಿದ್ದದ್ದು ಮಂಚದಿಂದ ನಾಲ್ಕು ಮಾರು ದೂರದಲ್ಲಿ, ಕಿವಿ ಚುರುಕಾಗಿರುವ ಮನುಷ್ಯನ ಎದುರಿಗೆ. ನನಗೆ ನಾಚಿಕೆಯಾಯಿತು. ಮಂಚದ ಹತ್ತಿರ ಹೋಗಿ ಬಗ್ಗಿದೆ.

“ಕೆಂಪರಾಜು ಅವರೇ, ಮಷೀನು ಸರಿ ಮಾಡಲಾ?”

ಅವರು ಕಣ್ಣು ಮೇಲೆತ್ತಿದರು. ಮೇಲೆತ್ತಿಯೇ ಇಟ್ಟರು, ನಾನು ಎದ್ದು ಕೀಬೋರ್ಡಿನ ಮುಂದೆ ಕೂರುವವರೆಗೂ. ಪ್ರಮೀಳಮ್ಮ ಗೋಡೆಗೆ ಒರಗಿ ಕುಕ್ಕರಿಸಿದರು.

ಕೆಲಸ ಬೇಗನೆ ಮುಗಿಯಿತು. ಪೆಟ್ಟಿಗೆ ಎದ್ದ ತಕ್ಷಣ ಕೆಂಪರಾಜು ಶುರುಮಾಡಿದರು, ಸುತ್ತುಬಳಸಿಲ್ಲದೆ. “ನಂಗೆ ಪೈಪು ಬ್ಯಾಡ ಪ್ರಮೀಳಾ. ಉಸ್ರು ನಿಂತ್ರೆ ನಿಲ್ಲಲಿ.”

“ಬುಡ್ತು ಅನ್ನಿ!” ಪ್ರಮೀಳಮ್ಮ ಕೂಗಿಯೇಬಿಟ್ಟರು. “ನನ್ ಮುಂದೆ ಇಂಥ ಮಾತಾ? ಬುಡ್ತು ಅನ್ನಿ! ಅನ್ನಿ ಅಂದ್ರೆ!”

ಪರದೆ ಕಪ್ಪಾಗಲಿಲ್ಲ. ನಾನು ಕಾದೆ. ಗೆದ್ದೆ ಎಂದೇ ಅಂದುಕೊಂಡಿದ್ದೆ. ಇಷ್ಟು ದಿನ ಯಂತ್ರ ಕಸಿದುಕೊಂಡ ಮಾತನ್ನು ಈ ಮನುಷ್ಯ ಈಗ ಪೂರ್ತಿ ಆಡುತ್ತಾರೆ, ಹೆಂಡತಿ ಎಷ್ಟು ಕೂಗಿದರೂ ಆಡುತ್ತಾರೆ ಎಂದು.

ಕೆಂಪರಾಜು ಹೆಂಡತಿಯ ಮುಖ ನೋಡಿದರು. ಆ ಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಸ್ಪೀಕರು ನುಡಿಯಿತು.

“ಬುಡ್ತು.”

ಯಂತ್ರದ ಊಹೆ ತಪ್ಪಿರಲಿಲ್ಲ. ಅದು ಅವಸರಪಟ್ಟಿತ್ತು ಅಷ್ಟೆ. ನನಗೆ ಆ ಪೆಟ್ಟಿಗೆಯನ್ನು ಎತ್ತಿ ಕುಕ್ಕಬೇಕೆನ್ನಿಸಿತು. ಅದರಲ್ಲಿ ಈಗ ಯಾವ ದೋಷವೂ ಇರಲಿಲ್ಲ. ಸಲಕರಣೆಗಳನ್ನು ಬ್ಯಾಗಿಗೆ ತುಂಬುವಾಗ ಪ್ರಮೀಳಮ್ಮ ಗಂಡನನ್ನೇ ನೋಡುತ್ತಾ ಕೂತಿದ್ದರು, ಯಾವುದೋ ಹೊಸ ಸಂಗತಿ ಕಂಡವರ ಹಾಗೆ.

ಡಾಕ್ಟರು ತಸ್ನೀಮ್ ಬರುವ ದಿನ ನಾನೂ ಹೋದೆ. ಕೆಂಪರಾಜು ಅವರ ಉಸಿರು ಅಷ್ಟರಲ್ಲಿ ಇನ್ನೂ ಕಿರಿದಾಗಿತ್ತು. ಒಂದೊಂದು ಸಲ ಎದೆ ಏರುವುದನ್ನೇ ಮರೆತಂತೆ ಕಾಣುತ್ತಿತ್ತು. ಡಾಕ್ಟರು ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡು, ಪೈಪು ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ, “ನಿಮ್ಮ ಇಷ್ಟ ಏನು ಅಂತ ನೀವೇ ಹೇಳಬೇಕು,” ಎಂದರು.

ಕೆಂಪರಾಜು ಅವರ ಕಣ್ಣು ಡಾಕ್ಟರನ್ನು ಬಿಟ್ಟು ಹೆಂಡತಿಯತ್ತ ಹೊರಳಿತು.

ಪ್ರಮೀಳಮ್ಮ ಮಂಚದ ಕಾಲಿನ ಬಳಿ ನಿಂತಿದ್ದರು. ಅವರ ಬಾಯಿ ತೆರೆಯಿತು. ಆಯಿತು, ಮುಗಿಯಿತು ಅಂದುಕೊಂಡೆ. ಅವರು ತಮ್ಮ ಅಂಗೈಯನ್ನು ಎತ್ತಿ ತಮ್ಮ ಬಾಯಿಗೇ ಒತ್ತಿಕೊಂಡರು. ಬೆರಳುಗಳು ಕೆನ್ನೆಯೊಳಗೆ ಹೂತುಹೋಗುವಷ್ಟು ಬಿಗಿಯಾಗಿ.

ನೋಡಲಾಗದೆ ನಾನು ಅವರ ಪಕ್ಕಕ್ಕೆ ಹೋಗಿ ಮೆಲ್ಲಗೆ, “ಪ್ರಮೀಳಮ್ಮ, ಯಾಕೆ ಹೀಗೆ? ಈಗ ನೀವು ಅಂದರೂ ಮಷೀನು ನಿಲ್ಲಲ್ಲ,” ಎಂದೆ.

ಅವರು ಕೈಯನ್ನು ಒಂದಿಷ್ಟೇ ಸಡಿಲಿಸಿದರು.

“ಮಿಷಿನ್ನಿಗಲ್ಲ ಮೇಡಮ್ಮೋರೆ. ನಾನಂದ್ರೆ ಅವ್ರು ಅಂದ್ಬುಡ್ತರೆ.”

ಮತ್ತೆ ಬಾಯಿ ಮುಚ್ಚಿಕೊಂಡು ಗಂಡನ ಕಡೆ ತಲೆಯಾಡಿಸಿದರು, ಹೇಳಿ ಎನ್ನುವಂತೆ.

“ಪೈಪು ಬ್ಯಾಡ ಡಾಕ್ಟ್ರೆ,” ಎಂದಿತು ಆ ಮಂಡಿಯ ದನಿ. “ಉಸ್ರು ಎಷ್ಟ್ ದಿನ ಬತ್ತದೋ ಬರ್ಲಿ. ನಿಂತ್ರೆ ಎಬ್ಬುಸ್ಬ್ಯಾಡಿ. ಇದು ನಾನು ಯೋಳ್ತಿರೋದು, ಅವ್ಳು ಯೋಳಿದ್ದಲ್ಲ. ನಾಳೆ ನೆಂಟ್ರು ಯಾರೂ ಅವಳ್ನ ಅನ್ನಬಾರ್ದು. ಅದ್ಕೇ ನನ್ ಬಾಯಿಂದ್ಲೇ ಬರ್ಬೇಕಾಗಿತ್ತು.”

ಡಾಕ್ಟರು ಬರೆದುಕೊಂಡರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಸರಿಯೇ ಎಂದು ಕೇಳಿದರು. ಕೆಂಪರಾಜು ಕಣ್ಣು ಮೇಲೆತ್ತಿದರು. ಡಾಕ್ಟರು ಎದ್ದು ನಿಂತರು, ನಾನೂ ಬ್ಯಾಗು ಎತ್ತಿಕೊಂಡೆ. ಪ್ರಮೀಳಮ್ಮ ಮಾತ್ರ ಇನ್ನೂ ಕೈ ತೆಗೆದಿರಲಿಲ್ಲ.

“ಆಯ್ತು, ತೆಗಿಯೇ ಪ್ರಮೀಳಾ,” ಎಂದರು ಕೆಂಪರಾಜು. “ಯೋಳಿ ಆಯ್ತು.”

ಅವರು ತೆಗೆಯಲಿಲ್ಲ.